ಪ್ರಕೃತಿಭಾವ

ಮೇಲ್ಮನೆಯಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದೆ, ಇಪ್ಪತ್ತಾರು ವರ್ಷ.
ಹತ್ತು ನಿಮಿಷ ಬರೆದು ಎದ್ದು ಹೋಗುವ ಸರದಿ,
ಹಾಗಾಗಿ ಯಾರ ಭಾಷಣವೂ ನನ್ನಲ್ಲಿ ಪೂರ್ತಿ ಇಲ್ಲ.
ಸೊಂಟ ಮುರಿದು ಅರ್ಧಕ್ಕೆ ನಿಂತ ವಾಕ್ಯಗಳೇ ಹೆಚ್ಚು.

ಅರಸೀಕೆರೆಯ ತೋಂಟಾರಾಧ್ಯ ಮೇಷ್ಟ್ರು ಎದ್ದರೆ ಮಾತ್ರ
ಪೆನ್ಸಿಲ್ ಒಂದು ಕ್ಷಣ ತಡೆಯುತ್ತಿತ್ತು.
ಎಂಟನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿದ ಕೈ
ಮೈಕಿನ ಕತ್ತು ತಿರುಗಿಸುತ್ತಿತ್ತು.

ಶಿಕ್ಷಕರ ಕ್ಷೇತ್ರ, ಹಿಂದಿನ ಸಾಲು, ಮೂರು ನಿಮಿಷ.
ಸೌಹಾರ್ದದ ಮೇಲೆ ಚರ್ಚೆ ಎಂದರೆ
ಎರಡೂ ಕಡೆಯವರು ಪಟ್ಟಿ ಹಿಡಿದು ಬರುವರು:
ನಿಮ್ಮ ಕಾಲದಲ್ಲಿ ಇಷ್ಟು, ನಮ್ಮ ಕಾಲದಲ್ಲಿ ಅಷ್ಟು.
ಸತ್ತವರನ್ನು ಕೂಡಿ ಕಳೆದು ಮುಗಿದ ಮೇಲೆ
ಇವರು ಎದ್ದು
‘ಮಾನ್ಯ ಸಭಾಪತಿಗಳೇ, ಸಂಧಿ ಎಂದರೇನು?’

ನಗು, ಎಂದು ಬರೆದೆ ಕಂಸದಲ್ಲಿ.

‘ಊರು, ಅಲ್ಲಿ. ಸೇರಿದರೆ ಊರಲ್ಲಿ.
ಉಕಾರ ಹೋಯಿತು. ಲೋಪ.
ಹೋದದ್ದು ಯಾರು, ಗಮನಿಸಿ. ಅಂಚಿನಲ್ಲಿ ನಿಂತಿದ್ದವನು.
ಮಳೆ, ಅಲ್ಲಿ. ಇಲ್ಲಿ ಯಾರೂ ಸಾಯಲಿಲ್ಲ,
ಯಕಾರವೊಂದು ಬಂದು ನಡುವೆ ನಿಂತಿತು. ಮಳೆಯಲ್ಲಿ.
ಆದೇಶ ಸಂಧಿ ಸರ್ಕಾರಕ್ಕೆ ಚೆನ್ನಾಗಿ ಗೊತ್ತು,
ನೂರ ನಲವತ್ತನಾಲ್ಕನೇ ಸೆಕ್ಷನ್ನು.
ನಾನು ಕೇಳುತ್ತಿರುವುದು ಆಗಮ, ಸ್ವಾಮಿ, ಆಗ—’
ಗಂಟೆ.

ಆ ಯಕಾರವನ್ನು ನಾನು ಊರಲ್ಲಿ ಕಣ್ಣಾರೆ ಕಂಡಿದ್ದೆ.
ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ,
ಪ್ಲಾಸ್ಟಿಕ್ ಕುರ್ಚಿಗಳ ಎರಡು ಸಾಲು,
ಹೊರಗೆ ಕೊಬ್ಬರಿ ಚೀಲದ ಲಾರಿ ಹಾರನ್ನು.
ಡಿಜೆ ಬಿ.ಎಚ್. ರಸ್ತೆಯಲ್ಲೋ, ಮಸೀದಿ ಬೀದಿಯಲ್ಲೋ.
ನಡುವೆ ಒಂದು ಮರದ ಸ್ಟೂಲು, ಅದರ ಮೇಲೆ ಮೇಷ್ಟ್ರು,
ಏಳು ಗಂಟೆ ಕಾಲ, ಹೆಚ್ಚು ಮಾತಿಲ್ಲದೆ.
ಮೂತ್ರಕ್ಕೆಂದು ಎದ್ದು ಹೋದಾಗ
ಎರಡು ಸಾಲೂ ತೋಳೇರಿಸಿದವು.
ಪಂಚೆ ಒರೆಸಿಕೊಳ್ಳುತ್ತ ಬಂದು ಕೂತರು.
ಸಾಲುಗಳೂ ಕೂತವು.

ಆ ವರ್ಷ ಮಾತ್ರ ಅಧಿವೇಶನ ಇತ್ತು.
ಅವರು ಹಿಂದಿನ ಸಾಲಿನಲ್ಲಿ, ಸ್ಟೂಲು ಠಾಣೆಯಲ್ಲಿ.
ಮಂಡಿಯ ಹಮಾಲಿ ಹುಡುಗ, ಹತ್ತೊಂಬತ್ತು,
ಮೆರವಣಿಗೆಗೂ ಬಂದವನಲ್ಲ, ಕಲ್ಲಿಗೂ ಬಂದವನಲ್ಲ,
ಟೀ ಕುಡಿಯಲು ಬಂದವನು.

ಮರುದಿನ ಮೇಷ್ಟ್ರು ಎದ್ದರು.
‘ನಮ್ಮೂರಲ್ಲಿ ಒಬ್ಬ ಹುಡುಗ...’
‘ಹೆಸರು ಹೇಳಿ!’ ಈ ಕಡೆಯಿಂದ.
‘ಹೆಸರು ಹೇಳ್ರೀ!’ ಆ ಕಡೆಯಿಂದ.
ಅಷ್ಟು ವರ್ಷದಲ್ಲಿ ಎರಡೂ ಕಡೆ
ಒಂದೇ ಮಾತು ಆಡಿದ್ದು ಅದೊಂದೇ ಸಲ.
ಹೇಳಲಿಲ್ಲ ಅವರು.
ಹೇಳಿದರೆ ಹುಡುಗ ಒಂದು ಪಟ್ಟಿಗೆ ಸೇರುತ್ತಿದ್ದ.
ಮೈಕು ಹಿಡಿದು ನಿಂತರು,
ಎರಡು ನಿಮಿಷ ನಲವತ್ತು ಸೆಕೆಂಡು, ನನ್ನದೇ ಗಡಿಯಾರ,
ಆಮೇಲೆ
‘ಅಯ್ಯೋ’
ಎಂದು ಕೂತರು.

ಅಚ್ಚಾದ ನಡಾವಳಿಯಲ್ಲಿ ಅದಿಲ್ಲ.
ಅಲ್ಲಿರುವುದು: ಗೊಂದಲ, ಕಂಸದಲ್ಲಿ.

ಮೊನ್ನೆ ಹಾಸನಕ್ಕೆ ಹೊರಟವಳು ಅರಸೀಕೆರೆಯಲ್ಲಿ ಇಳಿದೆ.
ಎಂಜಿನ್ ಕಳಚಿ ಇನ್ನೊಂದು ತುದಿಗೆ ಹೋಗುವಷ್ಟು ಹೊತ್ತು.
ಎರಡನೇ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಮೇಷ್ಟ್ರು,
ಸಂಜೆಯ ವಾಕಿಂಗಿಗೆ ಬಂದವರು.
ಹೇಳಿಬಿಟ್ಟೆ: ನಿಮ್ಮ ಮಾತು ಬಿಟ್ಟುಹೋಯಿತು ಸಾರ್.
‘ಅದು ಪ್ರಕೃತಿಭಾವ ಕಣಮ್ಮ,
ಅಯ್ಯೋ ಎಂಬುದರ ಮುಂದೆ ಏನು ಬಂದರೂ ಸಂಧಿಯಾಗದು.
ಮರೆತೆಯಾ, ಅದಕ್ಕೇ ಕಿವಿ ಹಿಂಡಿದ್ದೆ.’
ಎದ್ದು ನಿಂತು ಮತ್ತೆ:
‘ನೀನಾದರೂ ಬರೆದುಕೊಂಡೆಯಾ?’

ಬರೆದಿದ್ದೆ. ಹಳೆಯ ನೋಟ್‌ಬುಕ್ಕು ಮನೆಯಲ್ಲಿದೆ.
ವೇಗದಲ್ಲಿ ನಾವು ಸ್ವರ ಹಾಕುವುದಿಲ್ಲ ಸಾರ್,
ವ್ಯಂಜನ ಮಾತ್ರ.
ಸ್ವರವೆಲ್ಲ ಬಿಟ್ಟ ಮೇಲೆ ಆ ಪುಟದಲ್ಲಿ ನಿಂತಿರುವುದು
ಒಂದು ಯಕಾರ.
ಆಚೆ ಈಚೆ ಏನೂ ಇಲ್ಲ.

ರೈಲು ಜಗ್ಗಿತು. ಎಂಜಿನ್ ಸೇರಿತ್ತು.